ಕಲಿಕಾ ನಿರ್ವಹಣಾ ವ್ಯವಸ್ಥೆ: ವಾಣಿಜ್ಯ ತಂತ್ರಾಂಶವೋ, ಮುಕ್ತ ತಂತ್ರಾಂಶವೋ?

ಪವಾಯಿ ಸರೋವರದ ಬಳಿ ವಿಸ್ತಾರವಾದ ಆವರಣವನ್ನು ಹೊಂದಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಐಐಟಿ ಬಾಂಬೆ, 1958ರಲ್ಲಿ ಸ್ಥಾಪನೆಗೊಂಡಿತು. ಅಲ್ಲಿನ ವಿದ್ಯಾರ್ಥಿಗಳು ಅಧ್ಯಾಪಕರ ಟಿಪ್ಪಣಿಗಳನ್ನು ಪಡೆಯಲು, ಮನೆಪಾಠವನ್ನು ಒಪ್ಪಿಸಲು, ಅಂಕಗಳನ್ನು ನೋಡಲು ‘ಮೂಡಲ್’ ಎಂಬ ತಂತ್ರಾಂಶವನ್ನು ಬಳಸುತ್ತಾರೆ. ಹೆಸರು ಕನ್ನಡಿಗರಿಗೆ ಮೂಡಣ ದಿಕ್ಕನ್ನು ನೆನಪಿಸಿದರೂ ಇದರ ಹುಟ್ಟೂರು ಆಸ್ಟ್ರೇಲಿಯಾದ ಪರ್ತ್. ಮಾರ್ಟಿನ್ ಡೂಗಿಯಾಮಸ್ ಅವರು ರೂಪಿಸಿದ ಇದರ ಮೊದಲ ಪೂರ್ಣ ಆವೃತ್ತಿ 2002ರ ಆಗಸ್ಟ್‌ನಲ್ಲಿ ಹೊರಬಂದಿತು.

ಇಂತಹ ತಂತ್ರಾಂಶಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ ಅಥವಾ ಎಲ್‌ಎಂಎಸ್ ಎಂದು ಹೆಸರು. 2020ರ ಕೊರೋನಾ ಕಾಲದ ಬಳಿಕ ಇವು ಸಾಮಾನ್ಯ ಕಾಲೇಜುಗಳನ್ನೂ ಪ್ರವೇಶಿಸಿವೆ. ಮುಂಬಯಿ ಕನ್ನಡಿಗರಲ್ಲಿ ಅನೇಕರು ಅಧ್ಯಾಪಕರು. ಕೆಲವರು ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿದ್ದಾರೆ. ಬಹುತೇಕರು ಕಾಲೇಜಿಗೆ ಹೋಗುವ ಮಕ್ಕಳ ಹೆತ್ತವರು. ಆದುದರಿಂದ ಯಾವ ವ್ಯವಸ್ಥೆಯನ್ನು ಆರಿಸಬೇಕು, ಯಾವ ಆಧಾರದ ಮೇಲೆ ಆರಿಸಬೇಕು ಎಂಬುದು ಕೇವಲ ತಂತ್ರಜ್ಞರ ಚರ್ಚೆಯಾಗಿ ಉಳಿದಿಲ್ಲ.

ಎರಡು ದಾರಿಗಳು

ಮೊದಲನೆಯದು ವಾಣಿಜ್ಯ ತಂತ್ರಾಂಶ. ಕಂಪೆನಿಯೊಂದು ಅದನ್ನು ಸಿದ್ಧಪಡಿಸಿ, ಸಾಮಾನ್ಯವಾಗಿ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ವಾರ್ಷಿಕ ಶುಲ್ಕ ಪಡೆದು ಒದಗಿಸುತ್ತದೆ. ಒಳಗಿನ ಮೂಲ ಸಂಕೇತವನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯ ನೋಡುವಂತಿಲ್ಲ, ಬದಲಿಸುವಂತಿಲ್ಲ. ಬ್ಲ್ಯಾಕ್‌ಬೋರ್ಡ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಎರಡನೆಯದು ಮುಕ್ತ ತಂತ್ರಾಂಶ. ಇದರ ಮೂಲ ಸಂಕೇತ ಎಲ್ಲರಿಗೂ ಲಭ್ಯ. ಯಾರು ಬೇಕಾದರೂ ಅದನ್ನು ತಮ್ಮ ಸರ್ವರ್‌ನಲ್ಲಿ ಸ್ಥಾಪಿಸಬಹುದು, ತಿದ್ದಬಹುದು, ಪರವಾನಗಿ ಶುಲ್ಕವಿಲ್ಲ. ಮೂಡಲ್ ಅಲ್ಲದೆ, ಅಮೆರಿಕದ ಮಿಷಿಗನ್, ಇಂಡಿಯಾನಾ, ಎಂಐಟಿ ಮತ್ತು ಸ್ಟ್ಯಾನ್‌ಫರ್ಡ್ ವಿದ್ಯಾಸಂಸ್ಥೆಗಳು 2004ರ ಸುಮಾರಿಗೆ ಒಟ್ಟುಗೂಡಿ ಆರಂಭಿಸಿದ ‘ಸಕಾಯ್’ ಕೂಡ ಈ ಬಗೆಯದು.

ಮುಂಬಯಿಯಲ್ಲಿ ನೆಲೆಸಿದವರಿಗೆ ಈ ವ್ಯತ್ಯಾಸವನ್ನು ಫ್ಲ್ಯಾಟಿನ ಭಾಷೆಯಲ್ಲಿ ಹೇಳಬಹುದು. ವಾಣಿಜ್ಯ ತಂತ್ರಾಂಶವೆಂದರೆ ಲೀವ್ ಆಂಡ್ ಲೈಸನ್ಸ್ ಕರಾರಿನ ಮನೆ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕನ ಒಪ್ಪಿಗೆ ಬೇಕು. ಕರಾರು ಮುಗಿದಾಗ ಬಾಡಿಗೆ ಏರಬಹುದು. ಆದರೆ ನಲ್ಲಿ ಸೋರಿದರೆ ದುರಸ್ತಿಗೆ ಮಾಲೀಕನನ್ನು ಕೇಳಬಹುದು. ಮುಕ್ತ ತಂತ್ರಾಂಶವೆಂದರೆ ಸ್ವಂತ ಫ್ಲ್ಯಾಟು. ಎಬ್ಬಿಸುವವರಿಲ್ಲ, ಆದರೆ ತಿಂಗಳ ಮೆಂಟೇನೆನ್ಸ್ ಮಾತ್ರ ಎಂದೂ ತಪ್ಪುವುದಿಲ್ಲ.

ಪವಾಯಿಯ ಅನುಭವ

ಐಐಟಿ ಬಾಂಬೆ ಮುಕ್ತ ತಂತ್ರಾಂಶವನ್ನು ಬಳಸುವುದರ ಜೊತೆಗೆ ಅದನ್ನು ಹರಡುವ ಕೆಲಸವನ್ನೂ ಮಾಡಿದೆ. ಕೇಂದ್ರ ಸರ್ಕಾರದ ಅನುದಾನದಿಂದ ಅಲ್ಲಿ ನಡೆದ ‘ಫಾಸಿ’ ಯೋಜನೆಯು ಶಿಕ್ಷಣದಲ್ಲಿ ಮುಕ್ತ ತಂತ್ರಾಂಶಗಳ ಬಳಕೆಯನ್ನು ಪ್ರೋತ್ಸಾಹಿಸಿತು. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಲ್ಲಿ ಧ್ವನಿಸಹಿತ ಪಾಠಗಳನ್ನು ಸಿದ್ಧಪಡಿಸಿದೆ. ಮೂಡಲ್ ಬಳಕೆಯನ್ನು ಕಲಿಸುವ ಪಾಠಮಾಲೆಯೂ ಅದರಲ್ಲಿದೆ.

ಸಿದ್ಧ ತಂತ್ರಾಂಶ ಸಾಲದೆಡೆ ಅಲ್ಲಿನವರು ತಮ್ಮದನ್ನೇ ರೂಪಿಸಿಕೊಂಡರು. ‘ಬೋಧಿಟ್ರೀ’ ಎಂಬ ಕಲಿಕಾ ವೇದಿಕೆ ಮತ್ತು ‘ಸೇಫ್’ ಎಂಬ ಪರೀಕ್ಷಾ ತಂತ್ರಾಂಶ ಅಲ್ಲಿಯ ಕಂಪ್ಯೂಟರ್ ವಿಜ್ಞಾನ ವಿಭಾಗದ ಅಧ್ಯಾಪಕರ ಕೊಡುಗೆ. ಹೊರಗಿನವರಿಗೂ ಪಾಠ ಹೇಳಲು ‘ಐಐಟಿ ಬಾಂಬೆ ಎಕ್ಸ್’ ಎಂಬ ತಾಣವನ್ನು ಸಂಸ್ಥೆಯು ‘ಓಪನ್ ಎಡ್‌ಎಕ್ಸ್’ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿತು. ಹಾರ್ವರ್ಡ್ ಮತ್ತು ಎಂಐಟಿ ಸೇರಿ ಸ್ಥಾಪಿಸಿದ ಎಡ್‌ಎಕ್ಸ್ 2013ರಲ್ಲಿ ತನ್ನ ಮೂಲ ಸಂಕೇತವನ್ನು ಲೋಕಕ್ಕೆ ತೆರೆದಿತ್ತು. ಮುಂದೆ 2021ರಲ್ಲಿ ಎಡ್‌ಎಕ್ಸ್ ತಾಣವನ್ನು ‘ಟೂಯು’ ಎಂಬ ಕಂಪೆನಿಗೆ 80 ಕೋಟಿ ಡಾಲರಿಗೆ ಮಾರಲಾಯಿತು. 2024ರ ಜುಲೈಯಲ್ಲಿ ಆ ಕಂಪೆನಿ ದಿವಾಳಿ ರಕ್ಷಣೆಗಾಗಿ ಅರ್ಜಿ ಸಲ್ಲಿಸಿತು. ಆದರೆ ಮೂಲ ಸಂಕೇತ ಮುಕ್ತವಾಗಿದ್ದುದರಿಂದ, ಅದರ ಮೇಲೆ ಸ್ವತಂತ್ರವಾಗಿ ತಾಣ ಕಟ್ಟಿಕೊಂಡವರ ಬಾಗಿಲಿಗೆ ಯಾರೂ ಬೀಗ ಹಾಕುವಂತಿರಲಿಲ್ಲ.

ಪವಾಯಿಯ ಈ ಯಶಸ್ಸನ್ನು ನೋಡಿ ಎಲ್ಲ ಕಾಲೇಜುಗಳಿಗೂ ಅದೇ ದಾರಿ ಎನ್ನುವುದು ಅವಸರದ ಮಾತಾದೀತು. ಅಲ್ಲಿ ಸರ್ವರ್ ನಿಂತರೆ ನೋಡುವ ಕಂಪ್ಯೂಟರ್ ಕೇಂದ್ರವಿದೆ, ಸಂಕೇತ ತಿದ್ದಬಲ್ಲ ಅಧ್ಯಾಪಕರಿದ್ದಾರೆ, ಸಹಾಯಕ್ಕೆ ವಿದ್ಯಾರ್ಥಿಗಳಿದ್ದಾರೆ. ಒಬ್ಬರೇ ಪ್ರಯೋಗಾಲಯ ಸಹಾಯಕರಿರುವ ಪದವಿ ಕಾಲೇಜಿನ ಸ್ಥಿತಿ ಬೇರೆ.

ಮಾಲೀಕರು ಬದಲಾದಾಗ

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ವೆಬ್‌ಸಿಟಿ’ ಒಂದು ಕಾಲದಲ್ಲಿ ಬಹು ಜನಪ್ರಿಯವಾಗಿತ್ತು. 2006ರಲ್ಲಿ ಬ್ಲ್ಯಾಕ್‌ಬೋರ್ಡ್ ಅದನ್ನು ಕೊಂಡುಕೊಂಡಿತು. ಕ್ರಮೇಣ ಆ ಹೆಸರೇ ಮರೆಯಾಯಿತು. ಅದನ್ನು ನಂಬಿದ್ದ ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಅದೇ ವರ್ಷ ಬ್ಲ್ಯಾಕ್‌ಬೋರ್ಡ್ ತನ್ನ ಪೇಟೆಂಟ್ ಆಧರಿಸಿ ‘ಡಿಸೈರ್‌ಟುಲರ್ನ್’ ಎಂಬ ಪ್ರತಿಸ್ಪರ್ಧಿಯ ಮೇಲೆ ಮೊಕದ್ದಮೆ ಹೂಡಿತು. 2008ರಲ್ಲಿ ಗೆದ್ದರೂ 2009ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಆ ಪೇಟೆಂಟಿನ ಹಕ್ಕುಸಾಧನೆ ನಿಲ್ಲಲಿಲ್ಲ. 2021ರಲ್ಲಿ ಬ್ಲ್ಯಾಕ್‌ಬೋರ್ಡ್ ‘ಆಂಥಾಲಜಿ’ ಎಂಬ ಕಂಪೆನಿಯೊಡನೆ ವಿಲೀನಗೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಆಂಥಾಲಜಿಯೂ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು.

ಇದರರ್ಥ ವಾಣಿಜ್ಯ ತಂತ್ರಾಂಶ ಕೆಟ್ಟದ್ದೆಂದಲ್ಲ. ದೂರವಾಣಿಯಲ್ಲಿ ಸಿಗುವ ನೆರವು, ಸಿದ್ಧ ತರಬೇತಿ, ನೋಡಲು ಅಚ್ಚುಕಟ್ಟಾದ ಪರದೆ, ಮೊಬೈಲಿನಲ್ಲಿ ಸಲೀಸಾದ ಬಳಕೆ ಇವೆಲ್ಲ ಅದರ ನಿಜವಾದ ಗುಣಗಳು. ಆದರೆ ವಿಶ್ವವಿದ್ಯಾಲಯದ ಆಯುಷ್ಯ ಕಂಪೆನಿಯ ಆಯುಷ್ಯಕ್ಕಿಂತ ದೊಡ್ಡದು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಕಂಡಷ್ಟು ಕಾಲವನ್ನು ಯಾವ ತಂತ್ರಾಂಶ ಕಂಪೆನಿಯೂ ಕಂಡಿಲ್ಲ.

ಉಚಿತವಾದುದೆಲ್ಲ ಮುಕ್ತವಲ್ಲ

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. 2014ರಲ್ಲಿ ಬಂದ ಗೂಗಲ್ ಕ್ಲಾಸ್‌ರೂಮ್ ವಿದ್ಯಾಸಂಸ್ಥೆಗಳಿಗೆ ಶುಲ್ಕವಿಲ್ಲದೆ ದೊರೆಯುತ್ತದೆ. ಆದರೆ ಅದು ಮುಕ್ತ ತಂತ್ರಾಂಶವಲ್ಲ. ಗೂಗಲ್ ಮೊದಲು ವಿದ್ಯಾಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹ ಸ್ಥಳವನ್ನು ನೀಡುತ್ತಿತ್ತು. 2021ರ ಫೆಬ್ರವರಿಯಲ್ಲಿ ಆ ಸೌಲಭ್ಯವನ್ನು ನಿಲ್ಲಿಸುವುದಾಗಿ ಪ್ರಕಟಿಸಿ, 2022ರಿಂದ ಇಡೀ ಸಂಸ್ಥೆಗೆ 100 ಟೆರಾಬೈಟ್ ಎಂದು ಮೂಲ ಮಿತಿಯನ್ನು ಗೊತ್ತುಪಡಿಸಿತು. ವರ್ಷಗಳ ಪಾಠದ ವೀಡಿಯೋಗಳನ್ನು ಅಲ್ಲಿ ತುಂಬಿಸಿಟ್ಟ ದೊಡ್ಡ ಸಂಸ್ಥೆಗಳು ಅವನ್ನು ಅಳಿಸುವ ಇಲ್ಲವೇ ಹಣ ತೆರುವ ಆಯ್ಕೆಯನ್ನು ಎದುರಿಸಬೇಕಾಯಿತು.

ಮುಕ್ತ ತಂತ್ರಾಂಶದ ಖರ್ಚು

ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲವೆಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ಸರ್ವರ್, ವಿದ್ಯುತ್ತು, ಪ್ರತಿದಿನದ ನಕಲು ಸಂಗ್ರಹ, ಅಧ್ಯಾಪಕರ ತರಬೇತಿ, ಇವೆಲ್ಲಕ್ಕೂ ಹಣ ಬೇಕು. ಮೂಡಲ್‌ನ ಹೊಸ ಆವೃತ್ತಿ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಭದ್ರತಾ ತಿದ್ದುಪಡಿಗಳು ಅದಕ್ಕಿಂತ ಹೆಚ್ಚು ಬಾರಿ. ಅವನ್ನು ಅಳವಡಿಸದೆ ಬಿಟ್ಟರೆ ವಿದ್ಯಾರ್ಥಿಗಳ ಅಂಕ, ವಿಳಾಸ, ದೂರವಾಣಿ ಸಂಖ್ಯೆಗಳು ಕಳ್ಳರ ಪಾಲಾಗುವ ಅಪಾಯವಿದೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಈ ಹೊಣೆಯನ್ನು ಇನ್ನಷ್ಟು ಗಂಭೀರವಾಗಿಸಿದೆ. ಸಾವಿರಾರು ವಿದ್ಯಾರ್ಥಿಗಳು ಪರೀಕ್ಷೆಯಂದು ಒಂದೇ ನಿಮಿಷದಲ್ಲಿ ಒಳಬಂದಾಗ ಸರ್ವರ್ ತಾಳಿಕೊಳ್ಳುವುದೇ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು.

ಯಾವ ದಾರಿ ಹಿಡಿದರೂ ಸಿದ್ಧತೆಯಿಲ್ಲದೆ ಇಳಿದರೆ ಏನಾಗುತ್ತದೆಂಬುದನ್ನು ಮುಂಬಯಿ ಕಣ್ಣಾರೆ ಕಂಡಿದೆ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಲಕ್ಷಾಂತರ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡುವ ಪದ್ಧತಿಯನ್ನು ಒಮ್ಮೆಲೇ ಜಾರಿಗೆ ತಂದಿತು. ಕೆಲಸವನ್ನು ಖಾಸಗಿ ಕಂಪೆನಿಗೆ ವಹಿಸಲಾಗಿತ್ತು. ಫಲಿತಾಂಶಗಳು ತಿಂಗಳುಗಟ್ಟಲೆ ತಡವಾದವು. ಉನ್ನತ ವ್ಯಾಸಂಗಕ್ಕೆ ಹೊರಟವರು ಪರದಾಡಿದರು. ಆ ಅಕ್ಟೋಬರ್‌ನಲ್ಲಿ ಕುಲಪತಿಯವರು ಹುದ್ದೆ ಕಳೆದುಕೊಂಡರು. ಅದು ಎಲ್‌ಎಂಎಸ್ ಅಲ್ಲ, ಪರೀಕ್ಷಾ ತಂತ್ರಾಂಶ. ಆದರೆ ಹೊಸ ಪದ್ಧತಿಯನ್ನು ಒಂದೆರಡು ವಿಭಾಗಗಳಲ್ಲಿ ಒಂದು ಸೆಮಿಸ್ಟರ್ ನಡೆಸಿ ನೋಡದೆ ಎಲ್ಲೆಡೆ ಹೇರಬಾರದೆಂಬ ಪಾಠ ಎರಡಕ್ಕೂ ಸಮಾನ.

ಕನ್ನಡದ ಪ್ರಶ್ನೆ

ಕನ್ನಡ ವಿಭಾಗಗಳ ಮಟ್ಟಿಗೆ ಇನ್ನೊಂದು ವಿಚಾರವಿದೆ. ಹಿಂದೆ ಶ್ರೀಲಿಪಿ, ನುಡಿ, ಬರಹದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿಟ್ಟ ಲೇಖನಗಳು ಇಂದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಯುನಿಕೋಡ್ ಎಂಬ ಸಮಾನ ಮಾನದಂಡಕ್ಕೆ ಪರಿವರ್ತಿಸಿದ ಬಳಿಕವಷ್ಟೇ ಅವು ಮತ್ತೆ ಓದಲು ಸಿಗುತ್ತವೆ. ಪಾಠಗಳ ಗತಿಯೂ ಇದೇ. ಎಲ್ಲರೂ ಒಪ್ಪಿದ ಮಾನದಂಡದಲ್ಲಿ ಇಲ್ಲದ ಪಾಠ, ತಂತ್ರಾಂಶ ಬದಲಾದ ದಿನ ಮೂಕವಾಗುತ್ತದೆ. ಪಾಠಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸಲು ‘ಸ್ಕಾರ್ಮ್’, ‘ಕಾಮನ್ ಕಾರ್ಟ್ರಿಜ್’ ಮೊದಲಾದ ಮಾನದಂಡಗಳಿವೆ. ಇದಲ್ಲದೆ ಮುಕ್ತ ತಂತ್ರಾಂಶದ ಪರದೆಯ ಮೇಲಿನ ಪದಗಳನ್ನು ಕನ್ನಡಕ್ಕೆ ತರಲು, ತಪ್ಪಿದ್ದರೆ ತಿದ್ದಲು, ಒಂದು ಕನ್ನಡ ವಿಭಾಗವೇ ಮುಂದಾಗಬಹುದು. ಕಂಪೆನಿಯ ಲಾಭ ನಷ್ಟದ ಲೆಕ್ಕಾಚಾರಕ್ಕೆ ಕಾಯಬೇಕಾಗಿಲ್ಲ.

ಆಯ್ಕೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಕರಾರು ಮುಗಿದ ದಿನ ಪಾಠ, ಪ್ರಶ್ನೆಕೋಶ, ಅಂಕಪಟ್ಟಿಗಳನ್ನು ಯಾವ ರೂಪದಲ್ಲಿ, ಎಷ್ಟು ದಿನಗಳಲ್ಲಿ ಹಿಂದಿರುಗಿಸುತ್ತಾರೆ? ಇದು ಕರಾರಿನಲ್ಲಿ ಬರೆದಿದೆಯೇ?

2. ಐದು ವರ್ಷಗಳ ಒಟ್ಟು ಖರ್ಚು ಎಷ್ಟು? ಶುಲ್ಕ, ಸರ್ವರ್, ಸಿಬ್ಬಂದಿಯ ಸಂಬಳ, ತರಬೇತಿ ಎಲ್ಲವನ್ನೂ ಕೂಡಿಸಲಾಗಿದೆಯೇ?

3. ರಾತ್ರಿ ಹತ್ತು ಗಂಟೆಗೆ ವ್ಯವಸ್ಥೆ ನಿಂತರೆ ಯಾರಿಗೆ ಕರೆ ಮಾಡಬೇಕು? ಆ ವ್ಯಕ್ತಿ ಕೆಲಸ ಬಿಟ್ಟರೆ ಮುಂದೆ ಯಾರು?

4. ವಿದ್ಯಾರ್ಥಿಗಳ ವೈಯಕ್ತಿಕ ವಿವರಗಳು ಎಲ್ಲಿ ಸಂಗ್ರಹವಾಗುತ್ತವೆ? ಅವನ್ನು ಬೇರೆ ಯಾವ ಉದ್ದೇಶಕ್ಕೆ ಬಳಸುತ್ತಾರೆ?

5. ಕನ್ನಡ, ಮರಾಠಿ, ಹಿಂದಿಯಲ್ಲಿ ಪ್ರಶ್ನೆಪತ್ರಿಕೆ ರಚಿಸಿ, ಉತ್ತರ ಬರೆಸಿ ಪರೀಕ್ಷಿಸಲಾಗಿದೆಯೇ?

6. ತರಗತಿಯಲ್ಲಿ ನಿತ್ಯ ಬಳಸಬೇಕಾದ ಅಧ್ಯಾಪಕರನ್ನು ಯಾರಾದರೂ ಕೇಳಿದ್ದಾರೆಯೇ?

ಮಧ್ಯದ ದಾರಿ

ತಜ್ಞ ಸಿಬ್ಬಂದಿಯುಳ್ಳ ವಿಶ್ವವಿದ್ಯಾಲಯಕ್ಕೆ ಪವಾಯಿಯ ಮಾದರಿ ನಿಸ್ಸಂಶಯವಾಗಿ ಯೋಗ್ಯ. ಅಂತಹ ಬಲವಿಲ್ಲದ ಕಾಲೇಜುಗಳಿಗೆ ನಡುವಿನ ದಾರಿಯೊಂದಿದೆ: ಮುಕ್ತ ತಂತ್ರಾಂಶವನ್ನೇ ಆರಿಸಿ, ಅದರ ನಿರ್ವಹಣೆಯನ್ನು ಮಾತ್ರ ಹಣ ಕೊಟ್ಟು ಸೇವಾ ಕಂಪೆನಿಗೆ ಒಪ್ಪಿಸುವುದು. ಸೇವೆ ಹಿಡಿಸದಿದ್ದರೆ ಪಾಠಗಳ ಸಮೇತ ಬೇರೆ ಕಂಪೆನಿಗೆ ಹೋಗಬಹುದು. ಹತ್ತಾರು ಕಾಲೇಜುಗಳು ಕೂಡಿ ಒಂದೇ ವ್ಯವಸ್ಥೆಯನ್ನು ನಡೆಸಿದರೆ ಖರ್ಚು ಹಂಚಿಹೋಗುತ್ತದೆ. ಕರ್ನಾಟಕ ಸರ್ಕಾರವು 2021ರಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಟ್ಟಾಗಿ ಎಲ್‌ಎಂಎಸ್ ಯೋಜನೆಯನ್ನು ಆರಂಭಿಸಿದ್ದು ಇಂತಹ ಸಾಮೂಹಿಕ ಪ್ರಯತ್ನಕ್ಕೆ ನಿದರ್ಶನ. ವಾಣಿಜ್ಯ ತಂತ್ರಾಂಶವೇ ಅನಿವಾರ್ಯವೆನಿಸಿದಲ್ಲಿ ಮೇಲಿನ ಮೊದಲ ಪ್ರಶ್ನೆಗೆ ಲಿಖಿತ ಉತ್ತರ ದೊರೆಯುವವರೆಗೆ ಸಹಿ ಹಾಕಬಾರದು.

ಅಧ್ಯಾಪಕರೊಬ್ಬರು ಇಪ್ಪತ್ತು ವರ್ಷ ತಿದ್ದಿ ತೀಡಿದ ಟಿಪ್ಪಣಿಗಳು, ವಿದ್ಯಾರ್ಥಿಯ ಮೂರು ವರ್ಷಗಳ ಅಂಕಗಳು ಸಂಸ್ಥೆಯ ಆಸ್ತಿ. ಕಪಾಟು ಯಾರದ್ದೇ ಆಗಿರಲಿ, ಅದರ ಬೀಗದ ಕೈ ವಿದ್ಯಾಸಂಸ್ಥೆಯ ಬಳಿಯೇ ಇರಬೇಕು. ಆಡಳಿತ ಮಂಡಳಿಗಳಲ್ಲಿರುವ ನಮ್ಮ ಬಂಧುಗಳು ಮುಂದಿನ ಸಭೆಯಲ್ಲಿ ಬೆಲೆಪಟ್ಟಿಯನ್ನು ನೋಡುವ ಮೊದಲು ಈ ಆರು ಪ್ರಶ್ನೆಗಳನ್ನು ಮೇಜಿನ ಮೇಲಿಡುವುದು ಉಚಿತ.