ಪೈಥಾನ್ ನೋಟ್‌ಬುಕ್‌ನಲ್ಲಿ ಮಾಡ್ಯೂಲ್ ಇಂಪೋರ್ಟ್ ದೋಷ: ನಿವಾರಣಾ ಕ್ರಮಗಳು

ಜುಪಿಟರ್ ನೋಟ್‌ಬುಕ್‌ನಲ್ಲಿ ಇಂಪೋರ್ಟ್ ಆದೇಶ ನೀಡಿದಾಗ ‘ಮಾಡ್ಯೂಲ್ ನಾಟ್ ಫೌಂಡ್ ಎರರ್’ ಎಂಬ ಸಂದೇಶ ಬಂದಲ್ಲಿ, ಕೋರಿದ ಮಾಡ್ಯೂಲ್ ಪೈಥಾನ್ ಹುಡುಕುವ ಫೋಲ್ಡರ್‌ಗಳಲ್ಲಿ ದೊರೆತಿಲ್ಲವೆಂದು ತಿಳಿಯತಕ್ಕದ್ದು.

ಮುಖ್ಯ ಕಾರಣ:
ಒಂದೇ ಗಣಕಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಪೈಥಾನ್ ಇರಬಹುದು. ಟರ್ಮಿನಲ್ ಮೂಲಕ ಅಳವಡಿಸಿದ ಪ್ಯಾಕೇಜ್ ಒಂದರಲ್ಲಿ ಸೇರಿ, ನೋಟ್‌ಬುಕ್‌ನ ಕರ್ನಲ್ ಮತ್ತೊಂದನ್ನು ಬಳಸುತ್ತಿದ್ದಲ್ಲಿ ಈ ದೋಷ ಉಂಟಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು:
1. ‘ಸಿಸ್’ ಮಾಡ್ಯೂಲನ್ನು ಇಂಪೋರ್ಟ್ ಮಾಡಿ, ಅದರ ‘ಎಕ್ಸಿಕ್ಯೂಟಬಲ್’ ಮೌಲ್ಯವನ್ನು ಮುದ್ರಿಸಿ, ಕರ್ನಲ್ ಬಳಸುತ್ತಿರುವ ಪೈಥಾನ್ ಯಾವುದೆಂದು ಖಚಿತಪಡಿಸಿಕೊಳ್ಳುವುದು.
2. ನೋಟ್‌ಬುಕ್‌ನ ಸೆಲ್‌ನಲ್ಲಿಯೇ ‘%ಪಿಪ್ ಇನ್‌ಸ್ಟಾಲ್’ ಆದೇಶದ ಮುಂದೆ ಪ್ಯಾಕೇಜಿನ ಹೆಸರನ್ನು ನಮೂದಿಸುವುದು. ಆದೇಶಗಳನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು. ಶೇಕಡಾ ಚಿಹ್ನೆಯಿಂದಾಗಿ ಪ್ಯಾಕೇಜ್ ಚಾಲ್ತಿಯಲ್ಲಿರುವ ಕರ್ನಲ್‌ನ ಪೈಥಾನ್‌ಗೇ ಸೇರುತ್ತದೆ.
3. ತದನಂತರ ಕರ್ನಲನ್ನು ಮರುಪ್ರಾರಂಭಿಸುವುದು. ಸ್ಮೃತಿಯಲ್ಲಿದ್ದ ಮೌಲ್ಯಗಳು ಅಳಿಸಿಹೋಗುವುದರಿಂದ ಸೆಲ್‌ಗಳನ್ನು ಮೊದಲಿನಿಂದ ಚಲಾಯಿಸಬೇಕಾಗುತ್ತದೆ.
4. ಬಳಕೆದಾರರ ಸ್ವಂತ ಕಡತಕ್ಕೆ ‘ರ‍್ಯಾಂಡಮ್’ ಮುಂತಾದ ಮಾಡ್ಯೂಲಿನ ಹೆಸರಿದ್ದಲ್ಲಿ ಬದಲಾಯಿಸುವುದು. ಇಲ್ಲವಾದಲ್ಲಿ ಮೂಲ ಮಾಡ್ಯೂಲಿನ ಬದಲು ಆ ಕಡತವೇ ತೆರೆಯಬಹುದು.

ಹೆಸರಿನ ವ್ಯತ್ಯಾಸ:
ಅಳವಡಿಸುವ ಹೆಸರು ಹಾಗೂ ಇಂಪೋರ್ಟ್ ಹೆಸರು ಬೇರೆಯಾಗಿರಬಹುದು. ಉದಾಹರಣೆ: ‘ಸೈಕಿಟ್-ಲರ್ನ್’ ಅಳವಡಿಸಿ ‘ಎಸ್‌ಕೆಲರ್ನ್’ ಎಂದೂ, ‘ಪಿಲ್ಲೋ’ ಅಳವಡಿಸಿ ‘ಪಿಐಎಲ್’ ಎಂದೂ ಇಂಪೋರ್ಟ್ ಮಾಡಬೇಕು. ಇವುಗಳಲ್ಲಿ ‘ಪಿಐಎಲ್’ ಮಾತ್ರ ದೊಡ್ಡ ಅಕ್ಷರಗಳಲ್ಲಿರತಕ್ಕದ್ದು.

ವಿಶೇಷ ಸೂಚನೆ:
ದೋಷ ಸಂದೇಶದಲ್ಲಿ ಕಂಡ ಹೆಸರನ್ನು ಪರಿಶೀಲಿಸದೆ ಅಳವಡಿಸಬಾರದು. ಜನಪ್ರಿಯ ಪ್ಯಾಕೇಜುಗಳನ್ನು ಹೋಲುವ ಹೆಸರುಗಳಲ್ಲಿ ಹಾನಿಕಾರಕ ಪ್ಯಾಕೇಜುಗಳನ್ನು ಸೇರಿಸಿದ ಪ್ರಕರಣಗಳಿದ್ದು, ಅವು ಗಣಕದಲ್ಲಿರುವ ಪಾಸ್‌ವರ್ಡ್ ಹಾಗೂ ಖಾಸಗಿ ದಾಖಲೆಗಳನ್ನು ಕದಿಯಬಲ್ಲವು. ಸರಿಯಾದ ಹೆಸರನ್ನು ಆಯಾ ಪ್ಯಾಕೇಜಿನ ಅಧಿಕೃತ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.