ಕಪ್ಪು ಬಿಯರ್, ಮರದ ಪೀಪಾಯಿ ಮತ್ತು ರುಚಿಯ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ.ಕೋಟೆ - ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಪಾಠ ಹೇಳುವ ಅಧ್ಯಾಪಕರಿಗೆ ಎರಡು ಕೆಲಸಗಳು ಚಿರಪರಿಚಿತ. ಒಂದು, ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುವುದು. ಇನ್ನೊಂದು, ಹೊಗೆಸೊಪ್ಪನ್ನು ಬ್ಯಾರನ್‌ನಲ್ಲಿ ಹದಗೊಳಿಸುವುದು. ಇವೆರಡಕ್ಕೂ ಏನು ಸಂಬಂಧ ಎನ್ನುವಿರಾ? ಮೊಳೆಯುವ ರಾಗಿಯಲ್ಲೂ, ಬ್ಯಾರನ್‌ನ ಹದವಾದ ಬಿಸಿಯಲ್ಲಿ ಹಳದಿಗೆ ತಿರುಗುವ ಎಲೆಯಲ್ಲೂ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತವೆ. ಸಾಕಷ್ಟು ಸಕ್ಕರೆಯಾದ ಮೇಲೆ ಒಣಗಿಸಿ ಆ ಕ್ರಿಯೆಯನ್ನು ನಿಲ್ಲಿಸುತ್ತೇವೆ. ಬಾರ್ಲಿಯನ್ನು ಹೀಗೆ ಮೊಳಕೆ ಬರಿಸಿ ಒಣಗಿಸಿದರೆ ದೊರೆಯುವುದೇ ಬಿಯರ್ ತಯಾರಿಕೆಯ ಮೂಲವಸ್ತುವಾದ ಮಾಲ್ಟ್.

ಬೆಂಗಳೂರಿನಲ್ಲಿ 2010ರಿಂದೀಚೆಗೆ ಸಣ್ಣ ಬಿಯರ್ ತಯಾರಿಕಾ ಘಟಕಗಳು ತಲೆಯೆತ್ತಿವೆ. ಇಂಥ ಘಟಕಗಳನ್ನು ಜಗತ್ತಿನ ಹಲವೆಡೆ ಆಕರ್ಷಿಸಿರುವ ಒಂದು ಬಗೆ 'ಪೀಪಾಯಿಯಲ್ಲಿ ಮಾಗಿಸಿದ ಸ್ಟೌಟ್'. ಸಾಲಾಗಿ ಲೋಟಗಳನ್ನಿಟ್ಟು ಇದರ ರುಚಿ ನೋಡುವವರು ಕಾಫಿ, ಚಾಕೊಲೆಟ್, ವೆನಿಲಾ, ತೆಂಗಿನಕಾಯಿ ಎಂದೆಲ್ಲ ವರ್ಣಿಸುತ್ತಾರೆ. ಇವು ಯಾವುದನ್ನೂ ಬೆರೆಸದಿದ್ದರೂ ಹಾಗೆನ್ನಿಸುವುದುಂಟು. ಈ ವಾಸನೆಗಳು ಎಲ್ಲಿಂದ ಬಂದವು? ಅವು ನಿಜವಾಗಿ ಇವೆಯೆಂದು ತಿಳಿಯುವುದು ಹೇಗೆ? ಎರಡೂ ಪ್ರಶ್ನೆಗಳಿಗೆ ಇತಿಹಾಸದಲ್ಲಿ ಉತ್ತರವಿದೆ.

ಹುರಿದ ಕಾಳಿನ ಕಪ್ಪು

ಸ್ಟೌಟ್‌ನ ತಾಯಿ 18ನೇ ಶತಮಾನದ ಲಂಡನ್ನಿನ 'ಪೋರ್ಟರ್' ಎಂಬ ಕಂದುಬಣ್ಣದ ಬಿಯರ್. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಕಾಫಿಬೀಜ ಹುರಿಯುವಂಥ ತಿರುಗುವ ಉರುಳೆಯಲ್ಲಿ ಮಾಲ್ಟನ್ನು ಸುಡದೆ ಕಪ್ಪಾಗಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಆ ಬಳಿಕ ಸ್ವಲ್ಪವೇ ಕಪ್ಪು ಮಾಲ್ಟ್ ಬೆರೆಸಿ ಇಡೀ ಬಿಯರನ್ನು ಕಪ್ಪಾಗಿಸುವುದು ಸಾಧ್ಯವಾಯಿತು. ಹುರಿಯುವಾಗ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ನೂರಾರು ಸಂಯುಕ್ತಗಳು ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಕಾಫಿ, ಚಾಕೊಲೆಟ್ ವಾಸನೆಯ ಮೂಲ ಇದೇ. ರಾಗಿಯನ್ನು ಬಾಣಲೆಯಲ್ಲಿ ಹುರಿದಾಗ ಅಡುಗೆಮನೆ ತುಂಬುವ ಘಮವೂ ಇದರದೇ.

ಪಾತ್ರೆಯಾಗಿದ್ದ ಮರ

ಅಂದಿನ ತಯಾರಕರು ಮರವನ್ನು ಬಳಸಿದ್ದು ರುಚಿಗಾಗಿ ಅಲ್ಲ. ಬೇರೆ ಪಾತ್ರೆ ಇರಲಿಲ್ಲ. ಹೊಸ ಪೀಪಾಯಿಯ ವಾಸನೆ ಬಿಯರಿಗೆ ಹತ್ತದಂತೆ ಅದನ್ನು ಮೊದಲೇ ಹದ ಮಾಡಿಕೊಳ್ಳುತ್ತಿದ್ದರು. ಪೋರ್ಟರನ್ನು ತಿಂಗಳುಗಟ್ಟಲೆ ಮಾಗಿಸಲು ಮನೆಯೆತ್ತರದ ತೊಟ್ಟಿಗಳನ್ನು ಕಟ್ಟಿದರು. 1814ರ ಅಕ್ಟೋಬರ್ 17ರಂದು ಲಂಡನ್ನಿನ ಒಂದು ಕಾರ್ಖಾನೆಯಲ್ಲಿ ಅಂಥ ತೊಟ್ಟಿ ಒಡೆದು, ನುಗ್ಗಿದ ಬಿಯರಿನ ಪ್ರವಾಹಕ್ಕೆ 8 ಮಂದಿ ಬಲಿಯಾದರು.

ಮರದ ಒಳಗೆ ಇನ್ನೊಂದು ಗುಟ್ಟಿತ್ತು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ 1904ರಲ್ಲಿ, ಇಂಗ್ಲೆಂಡಿನ ಮಾಗಿದ ಬಿಯರಿನ ವಿಶಿಷ್ಟ ವಾಸನೆಗೆ ಒಂದು ಬೇರೆಯೇ ಬಗೆಯ ಯೀಸ್ಟ್ ಕಾರಣ ಎಂದು ತೋರಿಸಿ ಅದಕ್ಕೆ 'ಬ್ರೆಟನೊಮೈಸಿಸ್' ಎಂದು ಹೆಸರಿಟ್ಟ. ಮರದ ಸೂಕ್ಷ್ಮರಂಧ್ರಗಳಲ್ಲಿ ಅದು ನೆಲೆಸಬಲ್ಲದು. ತೊಳೆದರೂ ಸುಲಭವಾಗಿ ಹೋಗದು.

ನಮ್ಮ ನಾಡಿನಲ್ಲೂ ಬಿಯರ್ ಪೀಪಾಯಿಯಲ್ಲೇ ಸಂಚರಿಸಿತು. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಸೈನಿಕರಿಗೆ ಬಿಯರ್ ಒಯ್ಯುತ್ತಿದ್ದುದು ಎತ್ತಿನ ಗಾಡಿಗಳ ಮೇಲೆ, ದೊಡ್ಡ ಪೀಪಾಯಿಗಳಲ್ಲಿ. ಕಾಲಕ್ರಮದಲ್ಲಿ ಉಕ್ಕು ಬಂದು ಮರ ಮೂಲೆ ಸೇರಿತು.

ರುಚಿಗಾಗಿ ಮರಳಿದ ಮರ

ಅಮೆರಿಕದ ಕಾನೂನಿನಂತೆ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಒದಗದು. ಹೀಗೆ ಉಳಿದ ಪೀಪಾಯಿಗಳಲ್ಲಿ ಷಿಕಾಗೊದ ಗೂಸ್ ಐಲೆಂಡ್ ಸಂಸ್ಥೆ 1990ರ ದಶಕದ ಮೊದಲರ್ಧದಲ್ಲಿ ಗಾಢ ಸ್ಟೌಟನ್ನು ತುಂಬಿಟ್ಟಿತು. ಸುಡುವಾಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ಓಕ್‌ನಲ್ಲಿರುವ ಲ್ಯಾಕ್ಟೋನ್ ತೆಂಗಿನಕಾಯಿಯ ವಾಸನೆ ಕೊಡುತ್ತದೆ. ಇವು ಆಲ್ಕೊಹಾಲಿನಲ್ಲಿ ಕರಗಿ ಬಿಯರಿಗೆ ಇಳಿಯುತ್ತವೆ. ಹಿಂದೆ ತಯಾರಕರು ದೂರವಿಡಲು ಹೆಣಗಿದ್ದ ಮರದ ವಾಸನೆಗೇ ಈಗ ಹೆಚ್ಚು ಬೆಲೆ!

ನಾಲಿಗೆಯನ್ನು ನಂಬಬಹುದೆ?

ಬೆಲೆ ಹೆಚ್ಚೆಂದು ತಿಳಿದರೆ ರುಚಿಯೂ ಹೆಚ್ಚೆನಿಸುತ್ತದೆ. ಪೀಪಾಯಿಯಿಂದ ಪೀಪಾಯಿಗೆ ವ್ಯತ್ಯಾಸವೂ ಉಂಟು. ಹಾಗಾದರೆ ನಾಲ್ಕಾರು ಮಾದರಿಗಳಿಂದ ಏನನ್ನು ಹೇಳಬಹುದು? ಡಬ್ಲಿನ್ನಿನ ಗಿನ್ನೆಸ್ ಸ್ಟೌಟ್ ಕಾರ್ಖಾನೆಗೆ 1899ರಲ್ಲಿ ಸೇರಿದ ವಿಲಿಯಂ ಗಾಸೆಟ್‌ಗೆ ಎದುರಾದದ್ದು ಇಂಥದೇ ಪ್ರಶ್ನೆ. ಬಾರ್ಲಿ, ಮಾಲ್ಟ್‌ಗಳ ಕೆಲವೇ ಮಾದರಿಗಳಲ್ಲಿ ಕಂಡ ವ್ಯತ್ಯಾಸ ನಿಜವೇ, ಆಕಸ್ಮಿಕವೇ? ಇದಕ್ಕೆ ಆತ ಕಂಡುಕೊಂಡ ಗಣಿತ 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇಂದೂ ಕಲಿಯುವ 'ಟಿ-ಪರೀಕ್ಷೆ'ಗೆ ಅದೇ ಬುನಾದಿ.

ರುಚಿಗೇ ಮೀಸಲಾದ 'ತ್ರಿಕೋನ ಪರೀಕ್ಷೆ' 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗ್‌ನಲ್ಲಿ ರೂಪುಗೊಂಡಿತು. ಮೂರು ಲೋಟಗಳು, ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಬೇರೆಯದನ್ನು ಗುರುತಿಸಬೇಕು. ಬರೀ ಊಹೆಯಿಂದ ಸರಿಯಾಗುವ ಸಂಭವ 1/3.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಬಿಯರ್ ಬೇಕಿಲ್ಲ, ಬೇಡವೂ ಬೇಡ. ಮದ್ಯಪಾನೀಯಗಳು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿದೆ. ಪೀಪಾಯಿಯ ಸ್ಟೌಟ್‌ನಲ್ಲಂತೂ ಆಲ್ಕೊಹಾಲ್ ಸಾಮಾನ್ಯವಾಗಿ ಶೇ. 10ಕ್ಕೂ ಹೆಚ್ಚು. ನಿಮಗೆ ಬೇಕಾದದ್ದು ಮನೆಯ ರಾಗಿ ಮಾಲ್ಟ್. ಒಂದೇ ಮೊಳಕೆ ರಾಗಿಯ ಅರ್ಧವನ್ನು ಹದವಾಗಿ, ಇನ್ನರ್ಧವನ್ನು ಕಡುವಾಗಿ ಹುರಿದು ಬೇರೆ ಬೇರೆಯಾಗಿ ಬೀಸಿಸಿ. ಹಿಟ್ಟು, ನೀರು, ಬೆಲ್ಲ, ಬಿಸಿ ಎಲ್ಲವೂ ಸಮನಾಗಿರಲಿ. ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ರುಚಿ ನೋಡುವವರ ಕಣ್ಣು ಕಟ್ಟಿ. ಲೋಟಗಳನ್ನು ಜೋಡಿಸಲು ಆರು ಕ್ರಮಗಳಿವೆ. ಒಂದೊಂದು ಕ್ರಮವನ್ನು ಇಬ್ಬರಿಗೆ ಕೊಟ್ಟರೆ 12 ವಿದ್ಯಾರ್ಥಿಗಳಾದರು.

ಕೇವಲ ಊಹಿಸಿದರೆ ಸರಾಸರಿ ನಾಲ್ವರ ಉತ್ತರ ಸರಿಯಾಗುತ್ತದೆ. ಎಂಟು ಅಥವಾ ಹೆಚ್ಚು ಮಂದಿ ಊಹೆಯಿಂದಲೇ ಗೆಲ್ಲುವ ಸಂಭವ ಸುಮಾರು ಶೇ. 2 ಮಾತ್ರ. ಆದ್ದರಿಂದ ಎಂಟು ಬಂದರೆ ವ್ಯತ್ಯಾಸ ನಿಜವೆಂದು ಒಪ್ಪಬಹುದು. ಏಳು ಬಂದರೆ? ಆಗ ಸಂಭವ ಸುಮಾರು ಶೇ. 7. 'ವ್ಯತ್ಯಾಸವೇ ಇಲ್ಲ' ಎಂದು ಹೇಳುವಂತಿಲ್ಲ. 'ಇನ್ನೂ ಸಿದ್ಧವಾಗಿಲ್ಲ, ಹೆಚ್ಚು ಮಂದಿಯೊಡನೆ ಮತ್ತೆ ಮಾಡಬೇಕು' ಎನ್ನಬೇಕು. ಈ ಎರಡು ಮಾತುಗಳ ಅಂತರ ತಿಳಿದ ವಿದ್ಯಾರ್ಥಿ ಗಾಸೆಟ್‌ನ ಪಾಠವನ್ನು ಅರ್ಥ ಮಾಡಿಕೊಂಡಂತೆಯೇ.