ಕಪಿಲೆ ಬಾವಿಯಿಂದ ಕೊಳವೆ ಬಾವಿಗೆ

ಲಕ್ಷ್ಮೀಶ ಕವಿಯಿಂದಾಗಿ ನಮ್ಮ ದೇವನೂರಿನ ಹೆಸರು ನಾಡಿಗೆಲ್ಲ ಗೊತ್ತು. ಅಲ್ಲಿನ ಲಕ್ಷ್ಮೀಕಾಂತನ ಗುಡಿಯ ಜಗಲಿಯಲ್ಲಿ ಕೂತವರು ಈಗ ಆಡುವ ಮಾತು ಮಾತ್ರ ಒಂದೇ: “ಜನ ಜಾಸ್ತಿ ಆದ್ರು, ಅದಕ್ಕೇ ನೀರು ಹೋಯ್ತು.” ನಾನು ಇದನ್ನು ಒಪ್ಪುವುದಿಲ್ಲ.

ಧಾತು, ಈಶ್ವರ ಸಂವತ್ಸರಗಳ ಬರ ಬಂದದ್ದು 1876–78ರಲ್ಲಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿದ್ದವರು 50,55,412 ಮಂದಿ. 1881ಕ್ಕೆ ಉಳಿದವರು 41,86,188. ಇಂದಿನ ಕರ್ನಾಟಕದಲ್ಲಿ ಆರು ಕೋಟಿ ದಾಟಿದ ಜನರಿದ್ದಾರೆ, ಬರವೂ ಬರುತ್ತದೆ, ಆದರೆ ಅಂಥ ಸಾವಿಲ್ಲ. ಜನ ಕಡಿಮೆಯಿದ್ದ ಮಾತ್ರಕ್ಕೆ ನೆಲ ಯಾರನ್ನೂ ಕಾಯಲಿಲ್ಲ.

ಹಾಗೆಂದು ತಲೆಗಳ ಲೆಕ್ಕ ಬೇಡವೇ ಬೇಡ ಎನ್ನಲಾರೆ. ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಆ ದನಗಳಿಗೆಂದು ಬಿಟ್ಟ ಕಾವಲುಗಳು ಕಡೂರು, ಅಜ್ಜಂಪುರದ ಬಯಲಲ್ಲಿ ಹರಡಿಕೊಂಡಿದ್ದವು. ಸ್ವಾತಂತ್ರ್ಯದ ಹೊತ್ತಿಗೆ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕೂಗೆದ್ದು ಎಷ್ಟೋ ಕಾವಲುಗಳಿಗೆ ನೇಗಿಲು ಬಿತ್ತು. ತುತ್ತು ಬೇಕಾದವರು ಹೆಚ್ಚಾದದ್ದು ಅಲ್ಲಿ ನಿಜವಾಗಿಯೂ ಹುಲ್ಲನ್ನು ತಿಂದಿತು. ಬಾಸೂರಿನ ಕಾವಲು 2011ರಲ್ಲಿ ಸಂರಕ್ಷಿತ ಪ್ರದೇಶವಾದ್ದರಿಂದ ಕೃಷ್ಣಮೃಗಗಳಿಗೆ ಇಷ್ಟಾದರೂ ಜಾಗ ಉಳಿದಿದೆ.

ಆದರೆ ನೀರಿನ ಕಥೆಯೇ ಬೇರೆ. ನಮ್ಮ ಅಜ್ಜನ ಹೊಲದಲ್ಲಿ ಕಪಿಲೆ ಬಾವಿ ಇತ್ತು. ಇಳಿಜಾರಿನಲ್ಲಿ ಜೋಡೆತ್ತು ಮುಂದಕ್ಕೆ ಇಳಿದರೆ ತೊಗಲಿನ ಚೀಲ ಮೇಲಕ್ಕೆ ಬರುತ್ತಿತ್ತು, ಎತ್ತುಗಳನ್ನು ಹಿಂದಕ್ಕೆ ನಡೆಸಿದರೆ ಕೆಳಗಿಳಿಯುತ್ತಿತ್ತು. ಹಗ್ಗದ ಮೇಲೆ ಕೂತು ಅಜ್ಜ ಹಾಡು ಹೇಳುತ್ತಿದ್ದರು. ಬಿಸಿಲೇರಿದರೆ ಎತ್ತು ಬಿಚ್ಚಲೇಬೇಕು. ಬಾವಿಗೆ ರಾತ್ರಿಯಿಡೀ ಒರತೆ ಕೂಡಿಕೊಳ್ಳಲು ಬಿಡುವು. ಆ ಮನೆಯಲ್ಲಿ ಉಣ್ಣುವವರು ಹದಿನೇಳು ಜನ. ರಾಗಿ, ಹುರುಳಿ, ಬಾವಿಯ ಪಕ್ಕ ಒಂದಿಷ್ಟು ಮೆಣಸಿನ ಗಿಡ.

ಈಗ ಅದೇ ಹೊಲದಲ್ಲಿ ಕೊಳವೆ ಬಾವಿ, ಅಡಿಕೆ. ಅಡಿಕೆ ಮಲೆನಾಡಿನ ಮರ, ಬೇಸಿಗೆಯುದ್ದಕ್ಕೂ ನೀರು ಕೇಳುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ, ಮೋಟಾರಿಗೆ ದಣಿವಿಲ್ಲ. ಮನೆಯಲ್ಲಿ ನಾಲ್ಕೇ ಜನ. ಬಾವಿ ಬತ್ತಿದ್ದು ಈ ನಾಲ್ವರ ಕಾಲದಲ್ಲಿ.

ಹೆರಿಗೆ ಕಡಿಮೆ ಮಾಡುವ ಮಾತಿನಲ್ಲಂತೂ ನಮ್ಮ ನಾಡು ಹಿಂದುಳಿಯಲೇ ಇಲ್ಲ. 1930ರಲ್ಲೇ ಮೈಸೂರು ಸರ್ಕಾರ ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥದ್ದಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಪ್ಪ-ಅಮ್ಮನ ಜಾಗ ತುಂಬಲೂ ಅಷ್ಟು ಸಾಲದು. ಒಂಬತ್ತು ಹೆತ್ತು ನಾಲ್ಕನ್ನು ಮಣ್ಣಿಗಿಟ್ಟ ನಮ್ಮ ಅಜ್ಜಿಯಂಥವರ ಮೇಲೆ ಬತ್ತಿದ ಬಾವಿಯ ತಪ್ಪು ಹೊರಿಸುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

2022ರಲ್ಲಿ ನಮ್ಮ ಕಡೂರು ತಾಲ್ಲೂಕಿನ ವೇದಾವತಿ ತುಂಬಿ ಹರಿದು, ಕೆಳಗೆ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು, ಕಡೂರೂ ಅದರಲ್ಲಿತ್ತು. ಆ ಒಂದು ವರ್ಷದಲ್ಲಿ ದೇವನೂರಿನಲ್ಲಿ ಹುಟ್ಟಿದ ಕೂಸುಗಳೆಲ್ಲ ಸೇರಿ ಕುಡಿದ ನೀರು ಒಂದು ಅಡಿಕೆ ತೋಟದ ಒಂದು ದಿನದ ಪಾಲಿಗೂ ಸಮವಲ್ಲ.